ಪಬ್ಲಿಷ್ ಒತ್ತುವ ಮೊದಲು

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ತಂಗಿಯೋ ತಮ್ಮನೋ ಇದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ: "ಪ್ರತಿ ವಾರ ಬ್ಲಾಗ್‌ನಲ್ಲಿ ಬರೀಬೇಕಂತೆ, ಅದಕ್ಕೂ ಮಾರ್ಕ್ಸ್ ಇದೆಯಂತೆ." ಇಂಜಿನಿಯರಿಂಗ್ ಇಂಟರ್ನ್‌ಶಿಪ್ ಇರಲಿ, ಬಿ.ಎಡ್. ಇರಲಿ, 'ಈ ವಾರ ಏನು ಕಲಿತೆ, ಎಲ್ಲಿ ಎಡವಿದೆ' ಅಂತ ಬರೆಯುವ ಕಲಿಕಾ ದಿನಚರಿ ಈಗ ಎಷ್ಟೋ ಕಡೆ ನೋಟ್‌ಬುಕ್ ಬಿಟ್ಟು ಆನ್‌ಲೈನ್‌ಗೆ ಬಂದಿದೆ. ಬ್ಲಾಗರ್ ಅಥವಾ ವರ್ಡ್‌ಪ್ರೆಸ್‌ನಲ್ಲಿ ಒಂದು ಖಾತೆ ತೆರೆಯಿರಿ, ಲಿಂಕ್ ಕಳಿಸಿ ಅಂತ ಹೇಳಿ ಬಿಟ್ಟುಬಿಡುತ್ತಾರೆ. ಖಾತೆ ತೆರೆದ ಮೇಲೆ ಎದುರಿಗೆ ಬರುವ ಇಪ್ಪತ್ತು ಮೂವತ್ತು ಇಂಗ್ಲಿಷ್ ಪದಗಳಿಗೆ ಏನರ್ಥ ಅಂತ ಹೇಳುವವರು ಕಡಿಮೆ.

ನನ್ನ ಚಿಕ್ಕಮ್ಮನ ಮಗಳು ಬಿ.ಎಡ್. ಎರಡನೇ ವರ್ಷ. ಡಿಗ್ರಿವರೆಗೂ ಕನ್ನಡ ಮಾಧ್ಯಮ, ಇಷ್ಟದ ವಿಷಯ ಇತಿಹಾಸ. 16 ವಾರಗಳ ಶಾಲಾ ಇಂಟರ್ನ್‌ಶಿಪ್‌ಗೆ ಸಕಲೇಶಪುರದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆ ಸಿಕ್ಕಿತ್ತು. ವಾರಕ್ಕೊಂದು ಬರಹ, ಕೊನೆಗೆ ಅಂಕ. ಎರಡು ವಾರ ಮುಗಿದರೂ ಆನ್‌ಲೈನ್‌ನಲ್ಲಿ ಒಂದಕ್ಷರ ಇಲ್ಲ. ನೋಟ್‌ಬುಕ್‌ನಲ್ಲಿ ಮಾತ್ರ ಮೂವತ್ತು ಪುಟ ತುಂಬಿತ್ತು.

"ಅಕ್ಕ, ನೀನು ಸಾಫ್ಟ್‌ವೇರ್‌ನಲ್ಲಿ ಇದ್ದೀಯ. ನಾನು ಫೋಟೊ ತೆಗೆದು ಕಳಿಸ್ತೀನಿ, ನೀನೇ ಹಾಕ್ಬಿಡು" ಅಂದಳು. ಹಾಕಿಬಿಡಬಹುದಿತ್ತು, ಹತ್ತು ನಿಮಿಷದ ಕೆಲಸ. ಆದರೆ ಅವಳು ಹೆದರಿದ್ದು ಟೈಪಿಂಗ್‌ಗೆ ಅಲ್ಲ ಅಂತ ಮಾತಾಡಿದಾಗ ಗೊತ್ತಾಯಿತು. "ಏನ್ ಒತ್ತಿದ್ರೆ ಯಾರಿಗೆ ಕಾಣುತ್ತೋ ಗೊತ್ತಾಗಲ್ಲ ಅಕ್ಕ. ತಪ್ಪು ಬರೆದ್ರೆ ಊರಿಗೆಲ್ಲ ಗೊತ್ತಾಗಲ್ವಾ?" ಅನ್ನೋದು ಅವಳ ಚಿಂತೆ.

ಇದು ದಡ್ಡತನದ ಪ್ರಶ್ನೆ ಅಲ್ಲ, ಅತ್ಯಂತ ಸರಿಯಾದ ಪ್ರಶ್ನೆ. ಆ ಪರದೆಯ ಮೇಲಿನ ಒಂದೊಂದು ಪದದ ಹಿಂದೆಯೂ ಒಂದು ನಿರ್ಧಾರ ಇದೆ. ಯಾರು ಓದಬೇಕು, ಯಾವಾಗ ಓದಬೇಕು, ಹೇಗೆ ಹುಡುಕಬೇಕು, ಎಷ್ಟು ಕಾಲ ಉಳಿಯಬೇಕು. ಪದ ಗೊತ್ತಿಲ್ಲದಿದ್ದರೆ ಆ ನಿರ್ಧಾರವನ್ನ ನಮ್ಮ ಬದಲು ಸಾಫ್ಟ್‌ವೇರ್ ತಗೊಳ್ಳುತ್ತೆ. ಹಾಗಾಗಿ ಪ್ರತಿ ಭಾನುವಾರ ಸಂಜೆ ವಿಡಿಯೊ ಕಾಲ್‌ನಲ್ಲಿ ಒಂದು ಗಂಟೆ, ಎರಡೋ ಮೂರೋ ಪದ ಅಂತ ಇಬ್ಬರೂ ಒಪ್ಪಿಕೊಂಡೆವು. ನಾನು ಏನನ್ನೂ ಒತ್ತುವುದಿಲ್ಲ, ಒತ್ತುವವಳು ಅವಳೇ.

ಬ್ಲಾಗ್ ಮತ್ತು ಡ್ಯಾಶ್‌ಬೋರ್ಡ್

ಇತಿಹಾಸದ ವಿದ್ಯಾರ್ಥಿನಿ ತಾನೆ, ಪದದ ಇತಿಹಾಸದಿಂದಲೇ ಶುರು ಮಾಡಿದೆ.

'ಲಾಗ್' ಅಂದರೆ ಮೂಲದಲ್ಲಿ ಮರದ ತುಂಡು. ಹಾಯಿಹಡಗಿನ ಕಾಲದಲ್ಲಿ ನಾವಿಕರು ಹಗ್ಗಕ್ಕೆ ಮರದ ತುಂಡು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಹಗ್ಗದಲ್ಲಿ ಸಮಾನ ದೂರಕ್ಕೆ ಒಂದೊಂದು ಗಂಟು. ಸುಮಾರು ಅರ್ಧ ನಿಮಿಷದ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿತು ಅಂತ ಎಣಿಸಿದರೆ ಹಡಗಿನ ವೇಗ ತಿಳಿಯುತ್ತಿತ್ತು. ಹಡಗಿನ ವೇಗವನ್ನ ಇವತ್ತಿಗೂ 'ನಾಟ್' ಅಂದರೆ ಗಂಟಿನ ಲೆಕ್ಕದಲ್ಲೇ ಹೇಳುವುದು ಇದಕ್ಕೇ. ಆ ಲೆಕ್ಕ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. 1997ರಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ತಮ್ಮ ವೆಬ್ ಟಿಪ್ಪಣಿಗಳನ್ನ 'ವೆಬ್‌ಲಾಗ್' ಅಂದರು. 1999ರಲ್ಲಿ ಪೀಟರ್ ಮರ್ಹೋಲ್ಜ್ ಅದನ್ನ ತಮಾಷೆಗೆ 'ವಿ ಬ್ಲಾಗ್' ಅಂತ ಒಡೆದರು. ಅಲ್ಲಿಂದ 'ಬ್ಲಾಗ್' ಉಳಿಯಿತು. ಅದೇ ವರ್ಷ ಬ್ಲಾಗರ್ ಬಂತು, 2003ರಲ್ಲಿ ವರ್ಡ್‌ಪ್ರೆಸ್.

"ಅಂದ್ರೆ ಇದು ದಿನಚರಿನೇ. ಗಾಳಿ ಚೆನ್ನಾಗಿ ಬೀಸಿದ ದಿನಾನೂ ಬರೀಬೇಕು, ಬಿರುಗಾಳಿ ಬಂದ ದಿನಾನೂ ಬರೀಬೇಕು" ಅಂದಳು. ಕಲಿಕಾ ದಿನಚರಿ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರುತ್ತಿರಲಿಲ್ಲ.

ಡ್ಯಾಶ್‌ಬೋರ್ಡ್ ಪದಕ್ಕೂ ಒಂದು ಕತೆ ಇದೆ. ಕುದುರೆ ಗಾಡಿಯ ಮುಂಭಾಗದಲ್ಲಿ, ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಕೂತವರ ಮೇಲೆ ಬೀಳದಂತೆ ಒಂದು ಹಲಗೆ ಕಟ್ಟುತ್ತಿದ್ದರು. ಅದೇ ಡ್ಯಾಶ್‌ಬೋರ್ಡ್. ಆಮೇಲೆ ಕಾರಿಗೆ ಬಂತು, ಅಲ್ಲಿಂದ ಕಂಪ್ಯೂಟರ್ ಪರದೆಗೆ. ನಾವು ನೆನಪಿಡಬೇಕಾದ್ದು ಇಷ್ಟೇ: ಡ್ಯಾಶ್‌ಬೋರ್ಡ್ ಕಾಣುವುದು ಲಾಗಿನ್ ಆದ ನಮಗೆ ಮಾತ್ರ. ಓದುಗರು ನೋಡುವುದು ಬೇರೆ ಮುಖ. ನನ್ನ ತಂಗಿ ಎರಡು ವಾರದಿಂದ ಅಂದುಕೊಂಡಿದ್ದು, ತಾನು ಅಲ್ಲಿ ಟೈಪ್ ಮಾಡಿದ್ದೆಲ್ಲ ಆ ಕ್ಷಣಕ್ಕೇ ಎಲ್ಲರಿಗೂ ಕಾಣುತ್ತೆ ಅಂತ. ಹಲಗೆಯ ಈಚೆ ಅಡುಗೆಮನೆ, ಆಚೆ ಊಟದ ಪಂಕ್ತಿ ಅಂತ ಹೇಳಿದೆ. ಫೋನಿನಲ್ಲೇ ಅವಳು ಉಸಿರು ಬಿಟ್ಟಿದ್ದು ಕೇಳಿಸಿತು.

ಡ್ರಾಫ್ಟ್, ಪಬ್ಲಿಷ್, ಅಪ್‌ಡೇಟ್

ಡ್ರಾಫ್ಟ್ ಅಂದರೆ ಕರಡು. ಎಷ್ಟು ದಿನ ಬೇಕಾದರೂ ಹಾಗೇ ಇಟ್ಟುಕೊಳ್ಳಬಹುದು, ತಿದ್ದಬಹುದು, ಬಿಸಾಕಬಹುದು. ಪಬ್ಲಿಷ್ ಒತ್ತಿದ ಮೇಲಷ್ಟೇ ಹೊರಗೆ ಹೋಗುತ್ತೆ. 'ಶೆಡ್ಯೂಲ್' ಅಂತ ಇನ್ನೊಂದಿದೆ, ಹೇಳಿದ ದಿನ ಹೇಳಿದ ಹೊತ್ತಿಗೆ ತಾನಾಗೇ ಪ್ರಕಟವಾಗುತ್ತೆ. ಹಳ್ಳಿಯಲ್ಲಿ ನೆಟ್‌ವರ್ಕ್ ಯಾವಾಗ ಇರುತ್ತೋ ಗೊತ್ತಿಲ್ಲದವರಿಗೆ ಇದು ಉಪಕಾರಿ.

ಅವಳು ಆ ವಾರ ಪಾಠ ಮಾಡಿದ್ದು ಹಲ್ಮಿಡಿ ಶಾಸನದ ಬಗ್ಗೆ. ಅವರದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಳ್ಳಿ, ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು. ಕರಡು ಮತ್ತು ಪ್ರಕಟಣೆ ಅಂದ ತಕ್ಷಣ ಅವಳಿಗೆ ನೆನಪಾದದ್ದೂ ಶಾಸನವೇ. "ಎಷ್ಟೋ ಶಾಸನದ ಕೊನೇಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುತ್ತೆ ಅಕ್ಕ. ಬರೆಯೋದು ಒಂದು ಕೆಲಸ, ಕಲ್ಲಿಗೆ ಹಾಕೋದು ಇನ್ನೊಂದು ಕೆಲಸ. ಇಲ್ಲಿ ಎರಡೂ ನಾನೇ." ಆ ರಾತ್ರಿ ನಾಲ್ಕು ಡ್ರಾಫ್ಟ್ ಟೈಪ್ ಮಾಡಿದಳು. ಪ್ರಕಟಿಸಿದ್ದು ಒಂದೇ. ಪರವಾಗಿಲ್ಲ, ಕೈ ಬಂತು.

ಕಲ್ಲಿಗೂ ಬ್ಲಾಗಿಗೂ ವ್ಯತ್ಯಾಸ ಏನಂದರೆ, ಇಲ್ಲಿ ಪ್ರಕಟಿಸಿದ ಮೇಲೂ ತಿದ್ದಬಹುದು. ಆಗ ಪಬ್ಲಿಷ್ ಇದ್ದ ಜಾಗದಲ್ಲಿ 'ಅಪ್‌ಡೇಟ್' ಅಥವಾ 'ಸೇವ್' ಇರುತ್ತೆ. ವರ್ಡ್‌ಪ್ರೆಸ್ ಹಳೆಯ ಆವೃತ್ತಿಗಳನ್ನೂ 'ರಿವಿಷನ್' ಅಂತ ಎತ್ತಿಡುತ್ತೆ, ಬೇಕಾದರೆ ಹಿಂದಕ್ಕೆ ಹೋಗಬಹುದು. ನಮ್ಮ ಕೆಲಸದಲ್ಲಿ ಕೋಡ್‌ನ ಪ್ರತಿ ಬದಲಾವಣೆಯ ಚರಿತ್ರೆ ಉಳಿಸಿಕೊಳ್ಳುತ್ತೇವಲ್ಲ, ಅದರ ಸಣ್ಣ ರೂಪ.

ಆದರೆ ಕಲಿಕಾ ದಿನಚರಿಯಲ್ಲಿ ತಿದ್ದುವುದಕ್ಕೂ ಒಂದು ಮರ್ಯಾದೆ ಇದೆ. ಕಾಗುಣಿತ ತಿದ್ದಿ, ತೊಂದರೆ ಇಲ್ಲ. ಅಭಿಪ್ರಾಯ ಬದಲಾಗಿದ್ದರೆ ಹಳೆಯದನ್ನ ಅಳಿಸಬೇಡಿ. ಕೆಳಗೆ ತಾರೀಖು ಹಾಕಿ 'ನಂತರ ಸೇರಿಸಿದ್ದು' ಅಂತ ಬರೆಯಿರಿ. ಮೊದಲ ವಾರ 'ಈ ಮಕ್ಕಳಿಗೆ ಇತಿಹಾಸದಲ್ಲಿ ಆಸಕ್ತಿಯೇ ಇಲ್ಲ' ಅಂತ ಬರೆದಿದ್ದಳು. ಆರನೇ ವಾರ ಅದರ ಕೆಳಗೇ ಸೇರಿಸಿದಳು: 'ಆಸಕ್ತಿ ಇದೆ. ಊರಿನ ವೀರಗಲ್ಲಿನಿಂದ ಶುರು ಮಾಡಿದೆ, ಪ್ರಶ್ನೆ ನಿಲ್ಲಲಿಲ್ಲ.' ಈ ಎರಡು ಸಾಲಿನ ನಡುವೆ ಇರೋದೇ ಅವಳ ಕಲಿಕೆ. ಮೊದಲನೆಯದನ್ನ ಅಳಿಸಿದ್ದರೆ ಎರಡನೆಯದಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಪೋಸ್ಟ್ ಮತ್ತು ಪೇಜ್

ಎರಡೂ ಒಂದೇ ತರ ಕಾಣುತ್ತವೆ, ಗೊಂದಲ ಸಹಜ. ಪೋಸ್ಟ್‌ಗೆ ತಾರೀಖು ಮುಖ್ಯ. ಹೊಸದು ಮೇಲೆ, ಹಳೆಯದು ಕೆಳಗೆ ಸರಿಯುತ್ತೆ. ಪೇಜ್ ಅಂದರೆ ಗೋಡೆಗೆ ಹೊಡೆದ ಬೋರ್ಡು, ಅಲ್ಲೇ ಇರುತ್ತೆ. 'ನನ್ನ ಬಗ್ಗೆ' ಅನ್ನೋದು ಪೇಜ್, 'ಐದನೇ ವಾರ' ಅನ್ನೋದು ಪೋಸ್ಟ್.

ವಿದ್ಯಾರ್ಥಿಗಳಿಗೆ ಇಲ್ಲೊಂದು ತಾಪತ್ರಯ ಇದೆ. ಹೊಸದು ಮೇಲೆ ಬರುವುದರಿಂದ ಮೌಲ್ಯಮಾಪನ ಮಾಡುವವರು ಮೊದಲು ಓದುವುದು ನಿಮ್ಮ ಕೊನೆಯ ವಾರ. ಕತೆ ಹಿಂದುಮುಂದು. ಇದಕ್ಕೆ ಸುಲಭದ ಪರಿಹಾರ 'ಪರಿವಿಡಿ' ಅಂತ ಒಂದು ಪೇಜ್. ಒಂದನೇ ವಾರದಿಂದ 16ನೇ ವಾರದವರೆಗೆ ಸಾಲಾಗಿ ಲಿಂಕ್ ಕೊಟ್ಟುಬಿಡಿ. ಕಾಲೇಜಿಗೆ ಈ ಪೇಜಿನ ಲಿಂಕ್ ಕಳಿಸಿದರೆ ಸಾಕು.

ಕೆಟಗರಿ ಮತ್ತು ಟ್ಯಾಗ್

ನನಗೆ ಅತ್ಯಂತ ಇಷ್ಟವಾದ ಭಾನುವಾರ ಇದು.

ಕೆಟಗರಿ ಅಂದರೆ ಅಡುಗೆಮನೆಯ ಶೆಲ್ಫು. ಬೇಳೆಕಾಳಿಗೆ ಒಂದು, ಹಿಟ್ಟಿಗೆ ಒಂದು, ಸಾಂಬಾರ ಪದಾರ್ಥಕ್ಕೆ ಒಂದು. ನಾಲ್ಕೈದು ಇದ್ದರೆ ಸಾಕು, ಒಳಗೆ ಉಪವಿಭಾಗವನ್ನೂ ಮಾಡಬಹುದು. ಟ್ಯಾಗ್ ಅಂದರೆ ಡಬ್ಬಿಯ ಮೇಲೆ ಅಂಟಿಸುವ ಚೀಟಿ. ಒಂದೇ ಡಬ್ಬಿಗೆ 'ಖಾರ', 'ಹಬ್ಬಕ್ಕೆ', 'ಅಜ್ಜಿ ಮಾಡಿದ್ದು' ಅಂತ ಮೂರು ಚೀಟಿ ಅಂಟಿಸಬಹುದು. ವರ್ಡ್‌ಪ್ರೆಸ್‌ನಲ್ಲಿ ಎರಡೂ ಇವೆ. ಬ್ಲಾಗರ್‌ನಲ್ಲಿ 'ಲೇಬಲ್' ಒಂದೇ. ವರ್ಡ್‌ಪ್ರೆಸ್‌ನಲ್ಲಿ ಏನೂ ಆರಿಸದಿದ್ದರೆ ಎಲ್ಲವೂ 'ಅನ್‌ಕ್ಯಾಟಗರೈಸ್ಡ್' ಅಂತ ಒಂದೇ ಮೂಲೆಗೆ ಹೋಗಿ ಬೀಳುತ್ತವೆ.

ಅವಳ ಕೆಟಗರಿ ಮೂರು: ಪಾಠ, ತರಗತಿ ನಿರ್ವಹಣೆ, ನನ್ನ ಪ್ರಶ್ನೆಗಳು. ಟ್ಯಾಗ್‌ಗಳು ಆಯಾ ವಾರಕ್ಕೆ ತೋಚಿದ್ದು: ಗುಂಪು ಚಟುವಟಿಕೆ, ನಕ್ಷೆ, ನೋಟ್ಸ್ ಬರೆಸುವುದು, ಹಿಂದಿನ ಬೆಂಚು. ಕನ್ನಡದಲ್ಲಿ ಟ್ಯಾಗ್ ಹಾಕುವವರು ಒಂದು ಎಚ್ಚರ ವಹಿಸಬೇಕು. 'ಬೆಂಚು' ಒಂದು ಸಲ, 'ಬೆಂಚ್' ಇನ್ನೊಂದು ಸಲ ಬರೆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಟ್ಯಾಗ್. ಒಂದು ರೂಪ ಗೊತ್ತುಮಾಡಿಕೊಂಡು ಅದನ್ನೇ ಬಳಸಬೇಕು.

ಎಂಟನೇ ವಾರ ಸುಮ್ಮನೆ 'ಹಿಂದಿನ ಬೆಂಚು' ಟ್ಯಾಗ್ ಮೇಲೆ ಒತ್ತು ಅಂದೆ. ಐದು ಪೋಸ್ಟ್ ಒಟ್ಟಿಗೆ ಬಂದವು. ಹಿಂದೆ ಕೂತವರು ಗಲಾಟೆ ಮಾಡಿದ್ದು, ನಿದ್ದೆ ಹೊಡೆದದ್ದು, ಕಿಟಕಿ ಆಚೆ ನೋಡುತ್ತಿದ್ದದ್ದು. ಅವಳು ಓದುತ್ತಾ ಓದುತ್ತಾ ಸುಮ್ಮನಾದಳು. ಆಮೇಲೆ ಹೇಳಿದಳು: "ಅಕ್ಕ, ಐದರಲ್ಲಿ ನಾಲ್ಕಕ್ಕೆ 'ನೋಟ್ಸ್ ಬರೆಸುವುದು' ಅನ್ನೋ ಟ್ಯಾಗೂ ಇದೆ. ನಾನು ನೋಟ್ಸ್ ಬರೆಸಿದ ದಿನಾನೇ ಅವರು ಹಾಗೆ ಆಡಿರೋದು."

ಇದನ್ನ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಬರಹವೇ ಹೇಳಿತು. ನೋಟ್‌ಬುಕ್‌ನಲ್ಲೂ ಆ ಐದು ದಿನ ಇದ್ದವು, ಆದರೆ ಅಲ್ಲಲ್ಲಿ ಚದುರಿಹೋಗಿದ್ದವು. ಆನ್‌ಲೈನ್ ದಿನಚರಿಯಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ ನಾನು ಈ ಉದಾಹರಣೆ ಕೊಡುತ್ತೇನೆ. ಮುಂದಿನ ವಾರ ನೋಟ್ಸ್ ಬರೆಸುವ ಬದಲು ಮಕ್ಕಳಿಂದಲೇ ಬೋರ್ಡಿನ ಮೇಲೆ ಬರೆಸಿದಳಂತೆ. ಪೂರ್ತಿ ಸರಿಹೋಗಲಿಲ್ಲ, ಆದರೆ ಹಿಂದಿನ ಬೆಂಚಿನ ಇಬ್ಬರು ಸೀಮೆಸುಣ್ಣಕ್ಕೆ ಕೈಚಾಚಿದರಂತೆ.

ಪರ್ಮಾಲಿಂಕ್ ಮತ್ತು ಸ್ಲಗ್

ಪ್ರತಿ ಪೋಸ್ಟ್‌ಗೂ ಒಂದು ಖಾಯಂ ವಿಳಾಸ ಇರುತ್ತೆ, ಅದು ಪರ್ಮಾಲಿಂಕ್. ಆ ವಿಳಾಸದ ಕೊನೆಯ ಭಾಗ ಸ್ಲಗ್. ಸಾಮಾನ್ಯವಾಗಿ ಶೀರ್ಷಿಕೆಯಿಂದಲೇ ಹುಟ್ಟುತ್ತೆ. ಕನ್ನಡದಲ್ಲಿ ಬರೆಯುವವರಿಗೆ ತೊಂದರೆ ಆಗುವುದು ಇಲ್ಲೇ.

ವೆಬ್ ವಿಳಾಸದ ಒಳಗೆ ಹೋಗುವಾಗ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್ ಆಗುತ್ತೆ, ಒಂದೊಂದು ಬೈಟೂ ಶೇಕಡಾ ಗುರುತಿನ ಜೊತೆಗೆ ಮೂರು ಅಕ್ಷರ ಆಗುತ್ತೆ. ಅಂದರೆ ಒಂದಕ್ಕೆ ಒಂಬತ್ತು. 'ಕಲಿಕೆ' ನಮಗೆ ಮೂರಕ್ಷರ. ಕಂಪ್ಯೂಟರಿಗೆ ಕ, ಲ, ಗುಡಿಸು, ಕ, ಎತ್ವ ಅಂತ ಐದು. ವಿಳಾಸದಲ್ಲಿ ಅದು 45. 'ಹಲ್ಮಿಡಿ ಶಾಸನ: ನನ್ನ ಮೊದಲ ಪಾಠ' ಅನ್ನೋ ಶೀರ್ಷಿಕೆ ಸುಮಾರು 200 ಅಕ್ಷರ ದಾಟುತ್ತೆ, ವರ್ಡ್‌ಪ್ರೆಸ್ ಸ್ಲಗ್‌ನ ಮಿತಿಯೇ 200. ಅದಕ್ಕಿಂತ ಉದ್ದವಾದರೆ ಕತ್ತರಿಸಿಬಿಡುತ್ತೆ. ಬ್ಲಾಗರ್‌ನದು ಇನ್ನೊಂದು ದಾರಿ, ಕನ್ನಡ ಶೀರ್ಷಿಕೆ ಕೊಟ್ಟರೆ ವಿಳಾಸದಲ್ಲಿ ಬರೀ 'ಬ್ಲಾಗ್ ಪೋಸ್ಟ್' ಅಂತ ಬರೆದು ಪಕ್ಕಕ್ಕೆ ಒಂದು ಸಂಖ್ಯೆ ಹಾಕಿಬಿಡುತ್ತೆ.

ಬ್ರೌಸರ್‌ನಲ್ಲಿ ಚೆಂದವಾಗಿ ಕನ್ನಡ ಕಾಣುವ ವಿಳಾಸವನ್ನ ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅರ್ಧ ಪರದೆ ತುಂಬಾ ಶೇಕಡಾ ಗುರುತು. ಅವಳ ಗುಂಪಿನಲ್ಲಿ ಒಬ್ಬರು "ಇದು ವೈರಸ್ ಲಿಂಕ್, ಯಾರೂ ಒತ್ಬೇಡಿ" ಅಂದರಂತೆ! ಪಾಪ, ಅದು ಅವಳ ಮೂರನೇ ವಾರದ ಪಾಠ.

ಉಪಾಯ ಸುಲಭ. ಶೀರ್ಷಿಕೆ ಕನ್ನಡದಲ್ಲೇ ಇರಲಿ. ಸ್ಲಗ್ ಪೆಟ್ಟಿಗೆಯಲ್ಲಿ ಮಾತ್ರ ರೋಮನ್ ಲಿಪಿಯಲ್ಲಿ 'ವಾರ-5-ಹಲ್ಮಿಡಿ' ಅನ್ನುವಂಥ ಚಿಕ್ಕ ಹೆಸರು ಕೈಯಾರೆ ಕೊಡಿ. ಇದನ್ನ ಪಬ್ಲಿಷ್ ಒತ್ತುವ ಮೊದಲೇ ಮಾಡಿ. ಹೆಸರಲ್ಲೇ 'ಪರ್ಮನೆಂಟ್' ಇದೆಯಲ್ಲ, ಒಂದು ಸಲ ಕಾಲೇಜಿಗೆ ಕಳಿಸಿದ ಮೇಲೆ ವಿಳಾಸ ಬದಲಾಯಿಸಿದರೆ ಹಳೆಯ ಲಿಂಕ್ ಒತ್ತಿದವರಿಗೆ 'ಸಿಗಲಿಲ್ಲ' ಅಂತ ಬರುವ ಸಾಧ್ಯತೆ ಇದೆ.

ಥೀಮ್, ವಿಜೆಟ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಥೀಮ್ ಅಂದರೆ ಮನೆಗೆ ಹೊಡೆಯುವ ಬಣ್ಣ, ವಿಜೆಟ್ ಅಂದರೆ ಪಕ್ಕದಲ್ಲಿ ಇಡುವ ಕ್ಯಾಲೆಂಡರು, ಹುಡುಕು ಪೆಟ್ಟಿಗೆ ಇತ್ಯಾದಿ. ಥೀಮ್ ಬದಲಾಯಿಸಿದರೆ ಬರಹ ಎಲ್ಲೂ ಹೋಗುವುದಿಲ್ಲ. ಅಕ್ಷರ ದೊಡ್ಡದಾಗಿ, ಫೋನಿನಲ್ಲಿ ಓದುವಂತಿದ್ದರೆ ಸಾಕು.

ಪಬ್ಲಿಕ್, ಪ್ರೈವೇಟ್, ಪಾಸ್‌ವರ್ಡ್

ಹನ್ನೊಂದನೇ ವಾರ ಅವಳು ಒಂದು ಡ್ರಾಫ್ಟ್ ಬರೆದು "ಪಬ್ಲಿಷ್ ಮಾಡಿಲ್ಲ ಅಕ್ಕ, ಮೊದಲು ನೀನು ಓದು" ಅಂದಳು. ಅಷ್ಟೂ ವಾರದಲ್ಲಿ ಅವಳು ಬರೆದ ಅತ್ಯುತ್ತಮ ಬರಹ ಅದು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಚುರುಕು, ಆದರೆ ಎರಡು ವಾರದಿಂದ ಶಾಲೆಗೆ ಸರಿಯಾಗಿ ಬರುತ್ತಿಲ್ಲ. ಕಾಫಿ ಕೊಯ್ಲಿನ ಕಾಲ. ತಂಗಿ ಅವರ ಲೈನ್ ಮನೆಗೇ ಹೋಗಿ ತಾಯಿಯನ್ನ ಮಾತಾಡಿಸಿದ್ದಳು. ಆ ತಾಯಿ ಹೇಳಿದ ಕೂಲಿಯ ಲೆಕ್ಕ, ಮನೆಯ ಸಾಲ, ತಂದೆಯ ಕುಡಿತ ಎಲ್ಲ ಅದರಲ್ಲಿತ್ತು. ಹುಡುಗಿಯ ಹೆಸರಿತ್ತು. ಜೊತೆಗೆ ತರಗತಿಯ ಫೋಟೊ.

ಆವತ್ತು ಪದ ಹೇಳಿಕೊಡುವುದು ತಮಾಷೆಯಾಗಿರಲಿಲ್ಲ. ಪಬ್ಲಿಕ್ ಅಂದರೆ ಕಾಲೇಜಿನ ಮೇಷ್ಟ್ರು ಮಾತ್ರ ಅಲ್ಲ, ಗೂಗಲ್‌ನಲ್ಲಿ ಹುಡುಕುವ ಯಾರಾದರೂ. ತೋಟದ ಮಾಲೀಕರು, ಆ ಹುಡುಗಿಯ ಜೊತೆ ಓದುವವರು, ಹತ್ತು ವರ್ಷ ಆದ ಮೇಲೆ ಆ ಹುಡುಗಿಯೇ. ಪಾಸ್‌ವರ್ಡ್ ಹಾಕಬಹುದು, ಆದರೆ ವರ್ಡ್‌ಪ್ರೆಸ್‌ನಲ್ಲಿ ಪಾಸ್‌ವರ್ಡ್ ಇರುವ ಪೋಸ್ಟ್‌ನ ಶೀರ್ಷಿಕೆ ಎಲ್ಲರಿಗೂ ಕಾಣುತ್ತೆ, ಮುಚ್ಚಿರೋದು ಒಳಗಿನ ಬರಹ ಮಾತ್ರ. ಮತ್ತೆ ಆ ಪಾಸ್‌ವರ್ಡ್ ಒಬ್ಬರಿಂದ ಒಬ್ಬರಿಗೆ ಹೋಗೋಕೆ ಎಷ್ಟು ಹೊತ್ತು? ಪ್ರೈವೇಟ್ ಮಾಡಿದರೆ ಆ ಬ್ಲಾಗ್‌ಗೆ ಅಧಿಕಾರ ಇರುವವರು ಲಾಗಿನ್ ಆದರೆ ಮಾತ್ರ ಕಾಣುತ್ತೆ, ಮೇಷ್ಟ್ರಿಗೂ ಕಾಣುವುದಿಲ್ಲ.

"ಹಾಕಿ ಆಮೇಲೆ ಡಿಲೀಟ್ ಮಾಡಿದ್ರೆ?" ಅಂದಳು. ಯಾರಾದರೂ ಬ್ಲಾಗ್‌ಗೆ ಚಂದಾದಾರ ಆಗಿದ್ದರೆ ಪಬ್ಲಿಷ್ ಒತ್ತಿದ ಕೂಡಲೇ ಅವರ ಇಮೇಲ್‌ಗೆ ಪ್ರತಿ ಹೋಗಿರುತ್ತೆ. ಸ್ಕ್ರೀನ್‌ಶಾಟ್ ತೆಗೆದವರ ಫೋನಿನಲ್ಲಿ ಉಳಿದಿರುತ್ತೆ. ಡಿಲೀಟ್ ಅನ್ನೋದು ನಮ್ಮ ಮನೆಯ ಕಸ ಗುಡಿಸುತ್ತೆ, ಊರಿನ ನೆನಪನ್ನಲ್ಲ.

"ಹೆಸರು ತೆಗೀತೀನಿ ಬಿಡು" ಅಂದಳು. ಆದರೆ 'ನನ್ನ ಬಗ್ಗೆ' ಪೇಜಿನಲ್ಲಿ ಶಾಲೆಯ ಹೆಸರಿದೆ. ಒಂಬತ್ತನೇ ಕ್ಲಾಸಿನಲ್ಲಿ ಇರೋದೇ ಇಪ್ಪತ್ತು ಚಿಲ್ಲರೆ ಮಕ್ಕಳು. ಎರಡು ವಾರದಿಂದ ಬಾರದವಳು ಯಾರು ಅಂತ ಊರಲ್ಲಿ ಯಾರಿಗೆ ಗೊತ್ತಾಗಲ್ಲ?

ಆಗ ಅವಳು ಕೇಳಿದ್ದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. "ಎಲ್ಲಾ ತೆಗೆದ್ರೆ ಅವಳೇ ಇರಲ್ಲ ಅಕ್ಕ. ನಾನು ಇಷ್ಟು ವಾರದಲ್ಲಿ ಕಲಿತಿದ್ದು ಅಂದ್ರೆ ಅವಳಿಂದಾನೇ. ಅವಳನ್ನ ಬಿಟ್ಟು 'ಕೆಲವು ಮಕ್ಕಳು ಗೈರುಹಾಜರಾಗುತ್ತಾರೆ' ಅಂತ ಬರೆದ್ರೆ ಅದು ಸುಳ್ಳು ಬರೆದ ಹಾಗೇ ಅಲ್ವಾ?"

ಸುಮಾರು ಹೊತ್ತು ಮಾತಾಡಿದೆವು. ಕೊನೆಗೆ ದಾರಿ ಹುಡುಕಿದವಳು ಅವಳೇ. ಹುಡುಗಿಯ ಮನೆಯ ಕತೆ ಆ ಹುಡುಗಿಗೆ ಸೇರಿದ್ದು, ತಾನು ಮಾಡಿದ್ದರ ಕತೆ ತನ್ನದು ಅಂತ ಎರಡು ಭಾಗ ಮಾಡಿಕೊಂಡಳು. ತನ್ನದನ್ನ ಮಾತ್ರ ಪೋಸ್ಟ್ ಮಾಡಿದಳು: ಹಾಜರಿ ಪುಸ್ತಕದಲ್ಲಿ 'ಗೈ' ಅಂತ ಬರೆಯುವಾಗ ತಾನು ಏನಂದುಕೊಂಡಿದ್ದೆ, ಮನೆಗಳಿಗೆ ಹೋಗಿ ಬಂದ ಮೇಲೆ ಏನು ಬದಲಾಯಿತು, ತಪ್ಪಿದ ಪಾಠವನ್ನ ಮಕ್ಕಳಿಗೆ ಮತ್ತೆ ಹೇಗೆ ಮುಟ್ಟಿಸಬಹುದು ಅಂತ ಏನೇನು ಪ್ರಯತ್ನ ಮಾಡಿದೆ. ಯಾವ ಕ್ಲಾಸು, ಯಾವ ಮನೆ ಅಂತ ಇಲ್ಲ. ಮಕ್ಕಳ ಮುಖದ ಬದಲು ಕಪ್ಪು ಹಲಗೆಯ ಫೋಟೊ. ಉಳಿದದ್ದು ನೋಟ್‌ಬುಕ್‌ನಲ್ಲೇ ಉಳಿಯಿತು. ಅದನ್ನ ಮೇಷ್ಟ್ರಿಗೆ ಕೈಯಲ್ಲೇ ತೋರಿಸಿ, ವಾಪಸ್ ತಗೊಂಡು ಬಂದಳು.

ಮೊದಲಿನ ಡ್ರಾಫ್ಟ್‌ನಷ್ಟು ಮನ ಮುಟ್ಟುವ ಬರಹ ಆಗಲಿಲ್ಲ, ನಿಜ. ಆದರೆ ಆ ಹುಡುಗಿ ನಾಳೆ ತನ್ನ ಹೆಸರು ಹುಡುಕಿದರೆ ಸಿಗಬೇಕಾದ್ದು ಅವಳ ಮನೆಯ ಸಾಲ ಅಲ್ಲ. ಇದರಲ್ಲಿ ನನಗೂ ಅವಳಿಗೂ ಸಂಶಯ ಉಳಿಯಲಿಲ್ಲ.

ಕಾಮೆಂಟ್

ಕಾಮೆಂಟ್ ಪೆಟ್ಟಿಗೆಯಲ್ಲಿ 'ಮಾಡರೇಷನ್' ಅಂತ ಒಂದು ಆಯ್ಕೆ ಇದೆ. ಆನ್ ಮಾಡಿದರೆ ನೀವು ಒಪ್ಪಿದ ಮೇಲಷ್ಟೇ ಕಾಮೆಂಟ್ ಕಾಣುತ್ತೆ. ವಿದ್ಯಾರ್ಥಿಗಳು ಆನ್ ಮಾಡಿಕೊಳ್ಳುವುದು ಒಳ್ಳೇದು, ಸಾಲ ಕೊಡುತ್ತೇವೆ ಅನ್ನುವವರ ಕಾಟವಾದರೂ ತಪ್ಪುತ್ತೆ. ಗೆಳತಿಯರ 'ಸೂಪರ್' ನಡುವೆ ಒಬ್ಬಳು "ವೀರಗಲ್ಲಿನ ಪಾಠಕ್ಕೆ ಎಷ್ಟು ಪೀರಿಯಡ್ ಬೇಕಾಯ್ತು?" ಅಂತ ಕೇಳಿದ್ದಳಂತೆ. ಅಂಥ ಒಂದು ಪ್ರಶ್ನೆ ಹತ್ತು ಹೊಗಳಿಕೆಗೆ ಸಮ.

ಎಕ್ಸ್‌ಪೋರ್ಟ್

ಕೊನೆಯ ಭಾನುವಾರದ ಪದ ಇದು. ಯಾರೂ ಕೇಳದ ಪದ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ನಾಲ್ಕು ವರ್ಷ ಪ್ರಾಜೆಕ್ಟ್ ದಿನಚರಿ ಬರೆದಿದ್ದಳು. ಕಾಲೇಜು ಕೊಟ್ಟ ಇಮೇಲ್ ಖಾತೆಯಿಂದ ತೆರೆದ ಬ್ಲಾಗ್ ಅದು. ಕೋರ್ಸ್ ಮುಗಿದ ಕೆಲವು ತಿಂಗಳಿಗೆ ಆ ಖಾತೆಗಳನ್ನೆಲ್ಲ ಮುಚ್ಚಿದರು. ಮುಂಚೆ ಒಂದು ಮಾತು ಹೇಳಲಿಲ್ಲ. ಇಂಟರ್ವ್ಯೂನಲ್ಲಿ ತೋರಿಸೋಣ ಅಂತ ಲಿಂಕ್ ಒತ್ತಿದಾಗಲೇ ಅವಳಿಗೆ ಗೊತ್ತಾಗಿದ್ದು. ನಾಲ್ಕು ವರ್ಷದ ಬರಹದಲ್ಲಿ ಇವತ್ತು ಅವಳ ಹತ್ತಿರ ಒಂದು ಸಾಲೂ ಇಲ್ಲ.

ಕಾಲೇಜಷ್ಟೇ ಅಲ್ಲ, ದೊಡ್ಡ ತಾಣಗಳೂ ಮುಚ್ಚುತ್ತವೆ. ಲಕ್ಷಾಂತರ ಜನ ಪುಟ ಮಾಡಿಟ್ಟಿದ್ದ ಜಿಯೋಸಿಟೀಸನ್ನ ಯಾಹೂ 2009ರಲ್ಲಿ ಮುಚ್ಚಿತು. ಪೋಸ್ಟರಸ್ ಅನ್ನೋ ಬ್ಲಾಗ್ ತಾಣ 2013ರಲ್ಲಿ ನಿಂತಿತು. ಬಾಡಿಗೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ರಂಗೋಲಿ ಹಾಕಿದರೂ ಮನೆ ನಮ್ಮದಲ್ಲ.

ಹಾಗಾಗಿ ಮೂರು ಕೆಲಸ ಮಾಡಿಕೊಳ್ಳಿ. ಒಂದು, ಕಾಲೇಜಿನ ಖಾತೆಯೇ ಬೇಕು ಅಂತ ನಿಯಮ ಇಲ್ಲದಿದ್ದರೆ ಸ್ವಂತ ಇಮೇಲ್‌ನಿಂದ ಬ್ಲಾಗ್ ತೆರೆಯಿರಿ. ಎರಡು, ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಅಥವಾ ಬ್ಯಾಕಪ್ ಒತ್ತಿ, ಬರುವ ಫೈಲನ್ನ ಬೇರೆ ಕಡೆ ಇಟ್ಟುಕೊಳ್ಳಿ. ಬ್ಲಾಗರ್‌ನವರು ಗೂಗಲ್ ಟೇಕ್‌ಔಟ್‌ನಿಂದಲೂ ತೆಗೆದುಕೊಳ್ಳಬಹುದು. ಆ ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಬರಹ, ಹಾಗಾಗಿ ಫೋಟೊಗಳನ್ನ ಬೇರೆಯಾಗಿ ಉಳಿಸಿಕೊಳ್ಳಿ. ಮೂರು, ಕೋರ್ಸ್ ಮುಗಿದ ದಿನ ಎಲ್ಲವನ್ನೂ ಒಂದು ಪಿಡಿಎಫ್ ಮಾಡಿಡಿ. ಇನ್ನೊಂದು ವಿಷಯ, ವರ್ಡ್‌ಪ್ರೆಸ್‌ನಲ್ಲಿ 'ಟ್ರ್ಯಾಶ್‌'ಗೆ ಹಾಕಿದ್ದು 30 ದಿನದಲ್ಲಿ ಪೂರ್ತಿ ಅಳಿಸಿಹೋಗುತ್ತೆ. ಬೇಕಿದ್ದರೆ ಅಷ್ಟರೊಳಗೆ ವಾಪಸ್ ತಗೊಳ್ಳಿ.

ತಂಗಿಯ 16 ವಾರ ಮುಗಿದಿದೆ. ಅಂಕ ಇನ್ನೂ ಬಂದಿಲ್ಲ. ಪಿಡಿಎಫ್ ಚಿಕ್ಕಮ್ಮನ ಫೋನಿನಲ್ಲೂ ಇದೆ, ಚಿಕ್ಕಮ್ಮ ದಿನಕ್ಕೆ ಎರಡು ಪುಟ ಓದುತ್ತಾರಂತೆ. ಅವಳ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಈ ಪದಗಳ ಪಟ್ಟಿ ಇದೆ, ಆದರೆ ಅರ್ಥದ ಜಾಗದಲ್ಲಿ ಪ್ರಶ್ನೆಗಳಿವೆ. ಡ್ರಾಫ್ಟ್: ನಾನು ತಯಾರಾ? ಪಬ್ಲಿಕ್: ಇದು ನನ್ನ ಕತೆನಾ, ಬೇರೆಯವರದ್ದಾ? ಟ್ಯಾಗ್: ಇದನ್ನ ಮತ್ತೆ ಯಾವತ್ತು ಹುಡುಕ್ತೀನಿ? ಪರ್ಮಾಲಿಂಕ್: ಈ ವಿಳಾಸ ಬೇರೆಯವರಿಗೆ ಕೊಡೋ ಹಾಗಿದೆಯಾ? ಎಕ್ಸ್‌ಪೋರ್ಟ್: ನಾಳೆ ಇದು ಮುಚ್ಚಿದ್ರೆ ನನ್ನ ಹತ್ತಿರ ಏನಿರುತ್ತೆ?

ನಿಮ್ಮ ಮನೆಯಲ್ಲೂ ಯಾರಾದರೂ ಪಬ್ಲಿಷ್ ಬಟನ್ ಮುಂದೆ ಕೂತಿದ್ದರೆ, ದಯವಿಟ್ಟು ಅವರ ಪರವಾಗಿ ಒತ್ತಿಕೊಡಬೇಡಿ. ಪಕ್ಕದಲ್ಲಿ ಒಂದು ಗಂಟೆ ಕೂತುಕೊಳ್ಳಿ. ಒಂದು ವಾರಕ್ಕೆ ಮೂರು ಪದ ಸಾಕು.